ಮಾಡಿದವನು, ಮಾಡಿಸಿದವನು, ಮೆಚ್ಚಿದವನು

ಜಪಮಾಲೆಯಲ್ಲಿ 108 ಮಣಿಗಳೇ ಏಕೆ ಎಂಬ ಪ್ರಶ್ನೆಗೆ ಬಸದಿಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ದೊರೆಯುತ್ತವೆ. ಅವುಗಳಲ್ಲಿ ಒಂದು ಶುದ್ಧ ಗಣಿತದ ಉತ್ತರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮದ ಆಸ್ರವಕ್ಕೆ ಜೀವನು ಎಷ್ಟು ಬಗೆಯಲ್ಲಿ ಆಶ್ರಯವಾಗುತ್ತಾನೆ ಎಂಬುದನ್ನು ಎಣಿಸಿ ತೋರಿಸಿದ್ದಾರೆ. ಯಾವುದೇ ಕೃತ್ಯಕ್ಕೆ ಮೂರು ಹಂತಗಳು: ಸಂಕಲ್ಪ ಹುಟ್ಟುವ ಸಂರಂಭ, ಸಾಧನಗಳನ್ನು ಕೂಡಿಸಿಕೊಳ್ಳುವ ಸಮಾರಂಭ, ಕೃತ್ಯಕ್ಕೆ ಕೈಹಾಕುವ ಆರಂಭ. ಈ ಮೂರೂ ಮನಸ್ಸು, ವಚನ, ಕಾಯ ಎಂಬ ಮೂರು ಯೋಗಗಳಿಂದ ನಡೆಯಬಹುದು. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದವರನ್ನು ಮೆಚ್ಚಿದ್ದು ಅನುಮತ. ಇವೆಲ್ಲದರ ಹಿಂದೆ ಕ್ರೋಧ, ಮಾನ, ಮಾಯೆ, ಲೋಭಗಳಲ್ಲಿ ಯಾವುದಾದರೊಂದು ಕಷಾಯ ನಿಂತಿರುತ್ತದೆ. ಮೂರನ್ನು ಮೂರರಿಂದ, ಬಂದುದನ್ನು ಮತ್ತೆ ಮೂರರಿಂದ, ಕೊನೆಗೆ ನಾಲ್ಕರಿಂದ ಗುಣಿಸಿದರೆ 108. ಪಾಪ ಒಳಬರಬಲ್ಲ ಬಾಗಿಲುಗಳು ಅಷ್ಟು. ಅವುಗಳನ್ನು ಒಂದೊಂದಾಗಿ ನೆನೆದು ಮುಚ್ಚಿಕೊಳ್ಳಲು ಮಣಿಗಳೂ ಅಷ್ಟೇ.

ಈ ಲೆಕ್ಕವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದ ಶ್ರಾವಕನೊಬ್ಬನು ಅಂತರರಾಷ್ಟ್ರೀಯ ಅಪರಾಧ ಕಾನೂನಿನ ಮೂಲಪತ್ರಗಳನ್ನು ಕೈಗೆತ್ತಿಕೊಂಡರೆ ಕ್ಷಣಕಾಲ ಬೆರಗಾಗುವುದು ಸಹಜ. ಎರಡನೆಯ ಮಹಾಯುದ್ಧ ಮುಗಿದಾಗ, 1945ರ ಆಗಸ್ಟ್ 8ರಂದು ನಾಲ್ಕು ರಾಷ್ಟ್ರಗಳು ಲಂಡನ್ನಿನಲ್ಲಿ ಸಹಿ ಹಾಕಿದ ನ್ಯೂರೆಂಬರ್ಗ್ ಸನ್ನದಿನ ಆರನೆಯ ವಿಧಿಯು ಆಕ್ರಮಣಕಾರಿ ಯುದ್ಧವನ್ನು ಯೋಜಿಸುವುದು, ಅದಕ್ಕೆ ಸಿದ್ಧತೆ ನಡೆಸುವುದು, ಅದನ್ನು ಆರಂಭಿಸುವುದು, ನಡೆಸುವುದು ಇವೆಲ್ಲವೂ ಅಪರಾಧವೆಂದು ಸಾರಿತು. ಇಂದು ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಆಧಾರವಾದ ರೋಮ್ ಶಾಸನಕ್ಕೆ 2010ರಲ್ಲಿ ಉಗಾಂಡದ ಕಂಪಾಲಾದಲ್ಲಿ ಸೇರಿಸಿದ ತಿದ್ದುಪಡಿಯೂ ಇದೇ ಕ್ರಮವನ್ನು ಉಳಿಸಿಕೊಂಡಿದೆ. ಅದೇ ಶಾಸನದ 25ನೆಯ ವಿಧಿ ಸ್ವತಃ ಅಪರಾಧವೆಸಗಿದವನನ್ನಷ್ಟೇ ಅಲ್ಲ, ಆಜ್ಞೆಯಿತ್ತವನನ್ನೂ ಪ್ರೇರೇಪಿಸಿದವನನ್ನೂ ನೆರವಾದವನನ್ನೂ ಹೊಣೆಗಾರನನ್ನಾಗಿಸುತ್ತದೆ. 30ನೆಯ ವಿಧಿ ಉದ್ದೇಶವನ್ನೂ ಅರಿವನ್ನೂ ಕೇಳುತ್ತದೆ. ಸಂರಂಭ, ಸಮಾರಂಭ, ಆರಂಭಗಳೂ ಕೃತ, ಕಾರಿತಗಳೂ ವೇಷ ಬದಲಿಸಿ ಅಲ್ಲಿ ಕುಳಿತಿರುವಂತೆ ತೋರುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಎಲ್ಲವನ್ನೂ ಹಿಂದೆಯೇ ಆಚಾರ್ಯರು ಹೇಳಿದ್ದರು, ಜಗತ್ತು ಈಗ ಅದನ್ನು ಕಲಿಯುತ್ತಿದೆ ಎಂದು ಪ್ರವಚನಗಳಲ್ಲಿ ಹೇಳುವುದು ಸುಲಭ. ಕೇಳುವವರಿಗೂ ಅದು ಹಿತವೇ. ಆದರೆ ಹೋಲಿಕೆ ಬೇರೆ, ಪ್ರಭಾವ ಬೇರೆ. ಇಂದೋರಿನಲ್ಲಿ ನ್ಯಾಯಾಧೀಶರಾಗಿದ್ದ ಜೆ. ಎಲ್. ಜೈನಿ ಅವರು ತತ್ತ್ವಾರ್ಥಸೂತ್ರವನ್ನು 1920ರಷ್ಟು ಹಿಂದೆಯೇ ಇಂಗ್ಲಿಷಿಗೆ ತಂದಿದ್ದರೂ, ಲಂಡನ್ನಿನಲ್ಲಿ ಸನ್ನದನ್ನು ರಚಿಸಿದ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟಗಳ ವಕೀಲರು ತಮ್ಮ ತಮ್ಮ ದೇಶಗಳ ದಂಡಶಾಸ್ತ್ರದಿಂದಲೇ ಆ ಪದಗಳನ್ನು ಪಡೆದರು. ಮನುಷ್ಯನು ಕೊಲೆಗೆ ಹೇಗೆ ಹೊರಡುತ್ತಾನೆ ಎಂಬುದನ್ನು ಎರಡು ಕಡೆಯವರು ಬೇರೆ ಬೇರೆಯಾಗಿ ಗಮನಿಸಿ ಒಂದೇ ಕಡೆಗೆ ಬಂದರು ಎನ್ನುವುದಷ್ಟೇ ನಿಜ. ಸತ್ಯಾಣುವ್ರತವನ್ನು ಹಿಡಿದವನು ತನ್ನ ಧರ್ಮದ ಹೆಗ್ಗಳಿಕೆಯ ವಿಷಯದಲ್ಲಿಯೂ ಅದನ್ನು ಬಿಡಬಾರದು. ಮೇಲಾಗಿ, ಇಂತಹ ಹೆಗ್ಗಳಿಕೆಗೆ ಕಾರಣವಾದ ಮಾನವೂ ಆ ನಾಲ್ಕು ಕಷಾಯಗಳಲ್ಲಿ ಒಂದು.

ಹಾಗಾದರೆ ದೇಶೀಯ ತತ್ತ್ವಪರಂಪರೆಗಳು ಈ ಕಾನೂನನ್ನು ಎಲ್ಲಿಯೂ ಮುಟ್ಟಿಲ್ಲವೇ? ಮುಟ್ಟಿವೆ, ಆದರೆ ಮುಖ್ಯವಾಗಿ ಗ್ರಂಥಗಳ ಮೂಲಕವಲ್ಲ, ಪೀಠದ ಮೇಲೆ ಕುಳಿತ ಮನುಷ್ಯರ ಮೂಲಕ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನವು ಕಾನೂನಿನ ಮೂಲಗಳಲ್ಲಿ ಒಂದಾಗಿ 'ನಾಗರಿಕ ರಾಷ್ಟ್ರಗಳು' ಒಪ್ಪಿದ ಸಾಮಾನ್ಯ ತತ್ತ್ವಗಳನ್ನು ಹೆಸರಿಸುತ್ತದೆ. ಯಾರು ನಾಗರಿಕರು ಎಂಬುದನ್ನು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆ ಆ ಪದದಲ್ಲಿಯೇ ಅಡಗಿದೆ. ರೋಮ್ ಶಾಸನದ 21ನೆಯ ವಿಧಿ ಆ ವಿಶೇಷಣವನ್ನು ಬಿಟ್ಟು, ಜಗತ್ತಿನ ಕಾನೂನು ಪದ್ಧತಿಗಳಿಂದ ದೊರೆಯುವ ಸಾಮಾನ್ಯ ತತ್ತ್ವಗಳೆಂದು ಹೇಳಿತು. ಆ ನ್ಯಾಯಾಲಯದ 18 ನ್ಯಾಯಾಧೀಶರಲ್ಲಿ ಜಗತ್ತಿನ ಪ್ರಮುಖ ಕಾನೂನು ಪದ್ಧತಿಗಳಿಗೆ ಪ್ರಾತಿನಿಧ್ಯವಿರಬೇಕೆಂಬ ನಿಯಮವೂ ಇದೆ. ಬಾಗಿಲು ಹೀಗೆ ತೆರೆದಿದೆ. ಅದರೊಳಗೆ ಹೊಕ್ಕವರು ವಿರಳ.

ಆ ವಿರಳರಲ್ಲಿ ಮೊದಲು ನೆನೆಯಬೇಕಾದವರು ನ್ಯಾಯಮೂರ್ತಿ ರಾಧಾಬಿನೋದ್ ಪಾಲ್. 1886ರಲ್ಲಿ ಬಂಗಾಳದ ಹಳ್ಳಿಯೊಂದರಲ್ಲಿ ಜನಿಸಿ, ಗಣಿತದ ಅಧ್ಯಾಪಕರಾಗಿ, ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಅಲ್ಲಿಯ ವಿಶ್ವವಿದ್ಯಾನಿಲಯದ ಉಪಕುಲಪತಿಯೂ ಆದ ಅವರು ವೇದಕಾಲದ ಮತ್ತು ಅನಂತರದ ಹಿಂದೂ ನ್ಯಾಯತತ್ತ್ವವನ್ನು ಕುರಿತು ಗ್ರಂಥ ಬರೆದ ವಿದ್ವಾಂಸರು. ಜಪಾನಿನ ನಾಯಕರನ್ನು ವಿಚಾರಿಸಲು 1946ರಲ್ಲಿ ಟೋಕಿಯೊದಲ್ಲಿ ಕೂಡಿದ ನ್ಯಾಯಮಂಡಳಿಯಲ್ಲಿ 11 ರಾಷ್ಟ್ರಗಳ 11 ನ್ಯಾಯಾಧೀಶರಿದ್ದರು. ಭಾರತದಿಂದ ಹೋದವರು ಪಾಲ್. 28 ಮಂದಿ ಆರೋಪಿಗಳಲ್ಲಿ ಇಬ್ಬರು ವಿಚಾರಣೆಯ ನಡುವೆ ತೀರಿಕೊಂಡರು, ಒಬ್ಬನನ್ನು ಮಾನಸಿಕ ಅಸ್ವಾಸ್ಥ್ಯದ ಕಾರಣ ಬಿಡಲಾಯಿತು. ಉಳಿದ 25 ಮಂದಿಯೂ ದೋಷಿಗಳೆಂದು ಬಹುಮತ 1948ರ ನವೆಂಬರಿನಲ್ಲಿ ತೀರ್ಪಿತ್ತಿತು. ಏಳು ಜನರನ್ನು ಡಿಸೆಂಬರ್ 23ರಂದು ಗಲ್ಲಿಗೇರಿಸಲಾಯಿತು. ಪಾಲ್ ಮಾತ್ರ ಸಾವಿರಕ್ಕೂ ಹೆಚ್ಚು ಪುಟಗಳ ಭಿನ್ನ ತೀರ್ಪು ಬರೆದು, ಪ್ರತಿಯೊಬ್ಬ ಆರೋಪಿಯೂ ಪ್ರತಿಯೊಂದು ಆರೋಪದಿಂದಲೂ ಮುಕ್ತನೆಂದರು.

ಅವರ ವಾದಸರಣಿ ಬಹುಮಟ್ಟಿಗೆ ಪಾಶ್ಚಾತ್ಯ ನ್ಯಾಯಶಾಸ್ತ್ರಜ್ಞರನ್ನೇ ಆಧರಿಸಿದ್ದು. ಯುದ್ಧ ನಡೆದ ಕಾಲದಲ್ಲಿ ಅಪರಾಧವಲ್ಲದ್ದನ್ನು ಆಮೇಲೆ ಅಪರಾಧವೆಂದು ಕರೆದು ಶಿಕ್ಷಿಸಬಾರದು. ಗೆದ್ದವರು ಸೋತವರಿಗೆ ಮಾತ್ರ ಹಾಕುವ ಅಳತೆಗೋಲು ನ್ಯಾಯದ ಅಳತೆಗೋಲಲ್ಲ. ಪೆಸಿಫಿಕ್ ಯುದ್ಧದಲ್ಲಿ ಜನಸಾಮಾನ್ಯರ ವಿವೇಚನೆಯಿಲ್ಲದ ಸಂಹಾರಕ್ಕೆ ಹತ್ತಿರವಾದ ನಿರ್ಧಾರವೊಂದಿದ್ದರೆ ಅದು ಅಣುಬಾಂಬಿನದು ಎಂಬುದು ಅವರ ಮಾತಿನ ತಿರುಳು. ಭಾರತೀಯ ಪರಂಪರೆ ಅಲ್ಲಿ ಕಾಣುವುದು ಉಲ್ಲೇಖಗಳಲ್ಲಿ ಅಲ್ಲ, ನಿಲುವಿನಲ್ಲಿ. ರಾಜನೂ ಧರ್ಮಕ್ಕೆ ಅಧೀನ, ಗೆಲುವು ತನ್ನಷ್ಟಕ್ಕೆ ಧರ್ಮವನ್ನು ಹುಟ್ಟಿಸಲಾರದು ಎಂಬ ನಂಬಿಕೆಯಲ್ಲಿ ಬೆಳೆದ ಮನಸ್ಸು ಅದು. ಜೈನ ಓದುಗನಿಗೆ ಅಲ್ಲಿ ಇನ್ನೊಂದು ಸಂಗತಿ ಗೋಚರಿಸುತ್ತದೆ. ನ್ಯಾಯಮಂಡಳಿಯ ಬಹುಮತ ಒಂದು ನಯದಿಂದ ನೋಡಿತು. ಪಾಲ್ ಇನ್ನೊಂದು ನಯವನ್ನು ಅದರ ಪಕ್ಕದಲ್ಲಿ ಇಟ್ಟರು. ಅನೇಕಾಂತದ ಕೆಲಸ ಅರ್ಧ ಆದದ್ದು ಅಲ್ಲಿ.

ಅರ್ಧ ಎನ್ನಲು ಕಾರಣವಿದೆ. ನಾನ್‌ಜಿಂಗಿನಲ್ಲಿ ನಡೆದ ಘೋರಕೃತ್ಯಗಳನ್ನು ಪಾಲ್ ಅಲ್ಲಗಳೆಯಲಿಲ್ಲ. ಜಪಾನಿ ಸೈನಿಕರು ಅವನ್ನೆಸಗಿದ್ದಕ್ಕೆ ಪ್ರಬಲ ಸಾಕ್ಷ್ಯವಿದೆಯೆಂದೇ ಒಪ್ಪಿದರು. ಆದರೆ ಆರೋಪಿಗಳಾದ ನಾಯಕರು ಅವನ್ನು ಮಾಡಿಸಿದರೆಂಬುದು ಸಾಬೀತಾಗಿಲ್ಲವೆಂದರು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಕೃತವನ್ನು ಒಪ್ಪಿದರು, ಕಾರಿತವನ್ನು ಒಪ್ಪಲಿಲ್ಲ. ಬಹುಮತವಾದರೋ ಸೇನಾಪತಿ ಮಾತ್ಸುಯಿ ಇವಾನೆಯನ್ನು ದೋಷಿಯೆಂದದ್ದು ಆಜ್ಞೆ ಕೊಟ್ಟದ್ದಕ್ಕಾಗಿ ಅಲ್ಲ. ತಡೆಯುವ ಅಧಿಕಾರವೂ ಕರ್ತವ್ಯವೂ ಇದ್ದು ತಡೆಯದೆ ಹೋದದ್ದಕ್ಕಾಗಿ. ಈ ಒಂದು ವಿಷಯದಲ್ಲಿ ಆಗಮದ ಒಲವು ಪಾಲ್ ಅವರ ಕಡೆಗಲ್ಲ, ಬಹುಮತದ ಕಡೆಗೆ ಎಂದು ಹೇಳಬೇಕಾಗುತ್ತದೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ವ್ಯಾಖ್ಯೆಯ ಸಾರ. ಸಮಿತಿಯಿಂದ, ಅಂದರೆ ಎಚ್ಚರದಿಂದ, ನಡೆಯುವ ಮುನಿಯ ಕಾಲಡಿ ಕ್ರಿಮಿಯೊಂದು ಸಿಕ್ಕಿ ಸತ್ತರೆ ಅವನಿಗೆ ಹಿಂಸೆಯ ಬಂಧವಿಲ್ಲ; ಎಚ್ಚರಗೇಡಿಯ ಕಾಲಡಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ. ಸಾವಿರಾರು ಜನರ ಪ್ರಾಣ ತನ್ನ ಎಚ್ಚರವನ್ನು ಅವಲಂಬಿಸಿರುವಾಗ ಸೇನಾಪತಿ ಪ್ರಮತ್ತನಾದರೆ ಆ ಪ್ರಮಾದಕ್ಕೆ ಹೆಸರೇನು? ರೋಮ್ ಶಾಸನದ 28ನೆಯ ವಿಧಿ ಸೇನಾನಾಯಕನಿಗೆ ತಿಳಿದಿತ್ತೇ ಎಂದು ಮಾತ್ರ ಕೇಳುವುದಿಲ್ಲ, ತಿಳಿದಿರಬೇಕಾಗಿತ್ತೇ ಎಂದೂ ಕೇಳುತ್ತದೆ.

ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಫಲವು ಕೃತ್ಯದ ಲೆಕ್ಕವನ್ನೇ ಅನುಸರಿಸುವುದಿಲ್ಲವೆಂದು ವಿವರಿಸುವ ಭಾಗವನ್ನು ಇಲ್ಲಿ ನೆನೆಯಬೇಕು. ಕೊಂದವನು ಒಬ್ಬನಾಗಿದ್ದು ಫಲದಲ್ಲಿ ಪಾಲುಗಾರರು ಹಲವರಾಗಬಹುದು. ಕೊಂದವರು ಹಲವರಾಗಿದ್ದು ಫಲವನ್ನು ಒಬ್ಬನೇ ಉಣ್ಣಬೇಕಾಗಬಹುದು. ಮೊದಲನೆಯದು ನೆರವು ಮತ್ತು ಸಮ್ಮತಿಗಳ ವಿಚಾರ, ಎರಡನೆಯದು ಸೈನ್ಯವನ್ನು ಕಳುಹಿಸಿದವನ ವಿಚಾರ. ಭರತ ಬಾಹುಬಲಿಯರ ಕಥೆಯನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ಎರಡೂ ಕಡೆಯ ಮಂತ್ರಿಗಳು ಸೇರಿ, ಅಣ್ಣತಮ್ಮಂದಿರ ವಿವಾದಕ್ಕೆ ಎರಡು ಸೈನ್ಯಗಳು ಸಾಯುವುದೇಕೆ, ವಿವಾದವಿರುವವರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರಿಸಿಕೊಳ್ಳಲಿ ಎಂದರು. ಯುದ್ಧದ ಭಾರವನ್ನು ಅದನ್ನು ಬಯಸಿದವನೇ ಹೊರಬೇಕೆಂಬ ಈ ವಿವೇಕ ಕಂಪಾಲಾದ ತಿದ್ದುಪಡಿಯಲ್ಲಿಯೂ ಇದೆ. ಆಕ್ರಮಣದ ಅಪರಾಧವನ್ನು ಅದು ಸಾಮಾನ್ಯ ಸೈನಿಕನ ಮೇಲೆ ಹೊರಿಸದೆ, ರಾಷ್ಟ್ರದ ರಾಜಕೀಯ ಅಥವಾ ಸೈನಿಕ ಕಾರ್ಯವನ್ನು ನಿಜವಾಗಿ ನಿಯಂತ್ರಿಸಬಲ್ಲವನ ಮೇಲೆ ಮಾತ್ರ ಹೊರಿಸಿತು.

ಪಾಲ್ ಅವರ ತೀರ್ಪಿನ ಮುಂದಿನ ಗತಿಯೂ ಪಾಠವೇ. 2005ರಲ್ಲಿ ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ ಅವರ ಸ್ಮಾರಕ ನಿಂತಿತು. ಗಲ್ಲಿಗೇರಿದ ಏಳು ಜನರನ್ನೂ ಯುದ್ಧದಲ್ಲಿ ಮಡಿದವರೊಡನೆ ಪೂಜಿಸುವ ಸ್ಥಳ ಅದು. ಜಪಾನ್ ಯಾವ ತಪ್ಪನ್ನೂ ಮಾಡಲೇ ಇಲ್ಲ ಎನ್ನುವವರು ಇಂದಿಗೂ ಪಾಲ್ ಅವರ ಹೆಸರನ್ನು ಹಿಡಿಯುತ್ತಾರೆ, ಅವರು ಒಪ್ಪಿದ ಘೋರಕೃತ್ಯಗಳ ಪುಟಗಳನ್ನು ಮಾತ್ರ ಮಗುಚಿಬಿಡುತ್ತಾರೆ. ತನ್ನ ಮಾತು ಹೇಳುತ್ತಲೇ ಉಳಿದ ನಯಗಳಿಗೂ ಎಡೆ ಬಿಡುವುದು ಸುನಯ. ಉಳಿದುದೆಲ್ಲ ಸುಳ್ಳೆನ್ನುವುದು ದುರ್ನಯ. ಸುನಯವಾಗಿ ನುಡಿದದ್ದು ಇನ್ನೊಬ್ಬರ ಬಾಯಲ್ಲಿ ದುರ್ನಯವಾಗಲು ಅರ್ಧ ಶತಮಾನವೂ ಬೇಕಾಗುವುದಿಲ್ಲ.

ಪರಂಪರೆಗಳನ್ನು ಹೆಸರು ಹಿಡಿದು ಕರೆದವರು ಶ್ರೀಲಂಕಾದ ನ್ಯಾಯಮೂರ್ತಿ ಕ್ರಿಸ್ಟೋಫರ್ ವೀರಮಂತ್ರಿ. ಅಣ್ವಸ್ತ್ರಗಳ ನ್ಯಾಯಬದ್ಧತೆಯನ್ನು ಕುರಿತು ಅಂತರರಾಷ್ಟ್ರೀಯ ನ್ಯಾಯಾಲಯವು 1996ರ ಜುಲೈ 8ರಂದು ನೀಡಿದ ಸಲಹಾಭಿಪ್ರಾಯಕ್ಕೆ ಭಿನ್ನಮತ ಬರೆಯುತ್ತ, ಅತಿವಿನಾಶಕ ಅಸ್ತ್ರವನ್ನು ಪ್ರಯೋಗಿಸದೆ ತಡೆದ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನೂ ಬೌದ್ಧ, ಚೀನೀ, ಕ್ರೈಸ್ತ, ಇಸ್ಲಾಮೀ, ಆಫ್ರಿಕನ್ ಪರಂಪರೆಗಳನ್ನೂ ಅವರು ನೆನೆದರು. ಅದು ಅಪರಾಧ ನ್ಯಾಯಾಲಯವಲ್ಲ, ನಿಜ. ಆದರೆ ಯುದ್ಧಾಪರಾಧವೆಂದರೇನು ಎಂಬುದು ಯುದ್ಧದ ನಿಯಮಗಳಿಂದಲೇ ತೀರ್ಮಾನವಾಗುತ್ತದೆ. ಎರಡು ವರ್ಷಗಳ ಅನಂತರ, 1998ರ ಜುಲೈ 17ರಂದು ರೋಮ್ ಶಾಸನ 120 ಮತಗಳಿಂದ ಅಂಗೀಕೃತವಾದಾಗ ಮತದಾನದಿಂದ ದೂರವುಳಿದ 21 ರಾಷ್ಟ್ರಗಳಲ್ಲಿ ಭಾರತವೂ ಒಂದು. ಅಣ್ವಸ್ತ್ರದ ಬಳಕೆಯನ್ನು ನಿಷಿದ್ಧ ಅಸ್ತ್ರಗಳ ಪಟ್ಟಿಗೆ ಸೇರಿಸಬೇಕೆಂಬ ಭಾರತದ ಬೇಡಿಕೆಯನ್ನು ಅಲ್ಲಿ ಮನ್ನಿಸಲಿಲ್ಲ. ಆ ಬೇಡಿಕೆ ನ್ಯಾಯವಾದದ್ದೇ. ಪೋಖರಣ್ ಪರೀಕ್ಷೆ ನಡೆದು ಆಗ ಎರಡು ತಿಂಗಳಷ್ಟೇ ಆಗಿದ್ದುದರಿಂದ ಅದಕ್ಕೆ ಬಲ ಕಡಿಮೆಯಾಯಿತೆಂಬುದನ್ನೂ ಹೇಳದಿರಲಾಗದು.

ಭಾರತದಾಚೆಗೂ ದೇಶೀಯ ಪರಂಪರೆಗಳಿವೆ; ಅವು ನೇರವಾಗಿ ಹೇಗ್ ನ್ಯಾಯಾಲಯದ ಬಾಗಿಲು ತಟ್ಟಿದ ಪ್ರಸಂಗವೊಂದು ಶ್ರಾವಕರ ಚಿಂತನೆಗೆ ಯೋಗ್ಯವಾಗಿದೆ. ಉತ್ತರ ಉಗಾಂಡದ ಅಚೋಲಿ ಜನರಲ್ಲಿ 'ಮಾತೊ ಒಪುತ್' ಎಂಬ ಸಂಧಾನವಿಧಿಯಿದೆ. ಕೊಂದವನ ಕುಲದವರು ಸತ್ಯವನ್ನು ಒಪ್ಪಿಕೊಳ್ಳಬೇಕು, ಪರಿಹಾರ ಕೊಡಬೇಕು. ಬಳಿಕ ಎರಡು ಕುಲಗಳೂ ಒಪುತ್ ಮರದ ಕಹಿ ಬೇರಿನ ಪಾನೀಯವನ್ನು ಒಟ್ಟಿಗೆ ಕುಡಿಯುತ್ತವೆ. ಆ ಪ್ರಾಂತದಲ್ಲಿ ದಶಕಗಳ ಕಾಲ ಹಿಂಸೆ ನಡೆಸಿದ ಬಂಡುಕೋರ ಪಡೆಯೊಂದು ಮಕ್ಕಳನ್ನು ಅಪಹರಿಸಿ ಸೈನಿಕರನ್ನಾಗಿಸುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ, ಸುಮಾರು ಒಂಬತ್ತರ ಪ್ರಾಯದಲ್ಲಿ, ಹಾಗೆ ಅಪಹೃತನಾದ ಡೊಮಿನಿಕ್ ಒಂಗ್ವೆನ್ ಬೆಳೆದು ಅದೇ ಪಡೆಯ ದಳಪತಿಯಾದನು. 2021ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನನ್ನು 61 ಅಪರಾಧಗಳಲ್ಲಿ ದೋಷಿಯೆಂದಿತು. ಶಿಕ್ಷೆ ನಿರ್ಧರಿಸುವಾಗ ಅಚೋಲಿ ಸಂಧಾನವಿಧಿಗೆ ಸ್ಥಾನ ಕೊಡಬೇಕೆಂದು ಅವನ ವಕೀಲರು ಬೇಡಿದರು. ಶಾಸನದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಅಪಹೃತ ಬಾಲ್ಯವನ್ನು ಗಣನೆಗೆ ತೆಗೆದುಕೊಂಡು, ಮೇ ತಿಂಗಳಲ್ಲಿ ಆಜೀವ ಸೆರೆಯ ಬದಲು 25 ವರ್ಷಗಳ ಸೆರೆವಾಸ ವಿಧಿಸಿದರು.

ಒಬ್ಬನೇ ಮನುಷ್ಯ ಒಂದು ನಯದಿಂದ ಕದ್ದೊಯ್ದ ಕೂಸು, ಇನ್ನೊಂದು ನಯದಿಂದ ಇತರರ ಕೂಸುಗಳನ್ನು ಕದ್ದ ದಳಪತಿ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನ್ಯಾಯಾಲಯ ಆ ಎರಡನ್ನೂ ಒಂದೇ ತೀರ್ಪಿನಲ್ಲಿ ಹಿಡಿದದ್ದು ಮೆಚ್ಚಬೇಕಾದ ಮಾತು. ಸಂಧಾನವಿಧಿಯನ್ನು ತಿರಸ್ಕರಿಸಿದ್ದನ್ನು ಪರಂಪರೆಗೆ ಆದ ಅವಮಾನವೆಂದು ಬಗೆಯಬೇಕಾಗಿಲ್ಲ. ಕ್ಷಮೆ ಎಂಬುದು ನೊಂದವನ ಸ್ವತ್ತು. ಅದನ್ನು ಪ್ರತಿವಾದಿಯ ವಕೀಲರು ಶಿಕ್ಷೆಯ ವಿನಾಯಿತಿಯಾಗಿ ಕೇಳಿದಾಗ ಅದರ ಸ್ವರೂಪವೇ ಬದಲಾಗುತ್ತದೆ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಜೈನರು ಕೋರ್ಟಿನಲ್ಲಿರುವ ಆಸ್ತಿ ವ್ಯಾಜ್ಯವನ್ನು ಆ ಕಾರಣದಿಂದ ಹಿಂತೆಗೆದುಕೊಳ್ಳುವುದು ಅಪರೂಪವೆಂಬುದನ್ನೂ ಇಲ್ಲಿ ಮೆಲ್ಲಗೆ ನೆನೆಯಬಹುದು.

ಇನ್ನು ಉಳಿದಿರುವುದು ಮೂರನೆಯ ಪದ, ಅನುಮತ. ಕಾನೂನು ಇಲ್ಲಿಗೆ ಬಂದು ತಡವರಿಸುತ್ತದೆ. 1938ರ ನವೆಂಬರಿನಲ್ಲಿ ಜರ್ಮನಿಯಲ್ಲೆಲ್ಲ ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಟ್ಟು ಕೆಡವಿದಾಗ, ಒಂದೆಡೆ ನಾಟ್ಸಿ ಪಕ್ಷದ ಹಳೆಯ ಹುರಿಯಾಳೊಬ್ಬನು ಆ ಸ್ಥಳಕ್ಕೆ ಆಗಾಗ ಬಂದು ನಿಂತು ನೋಡಿದನು. ಅವನು ಯೋಜನೆಯಲ್ಲಿರಲಿಲ್ಲ, ಆಜ್ಞೆ ಕೊಡಲಿಲ್ಲ, ಕೈಯೆತ್ತಲಿಲ್ಲ. ಹತ್ತು ವರ್ಷಗಳ ಅನಂತರ ಬ್ರಿಟಿಷ್ ವಲಯದ ಜರ್ಮನ್ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನು ಮಾನವಕುಲದ ವಿರುದ್ಧದ ಅಪರಾಧಕ್ಕೆ ದೋಷಿಯೆನಿಸಿದನು. ಯುಗೋಸ್ಲಾವಿಯಾ ನ್ಯಾಯಮಂಡಳಿ 1998ರಲ್ಲಿ ಈ ಪ್ರಕರಣವನ್ನು ಎತ್ತಿಕೊಂಡು, ಮೆಚ್ಚಿ ನೋಡುತ್ತ ನಿಂತವನ ಹೊಣೆಯನ್ನು ಚರ್ಚಿಸಿತು. ಅದು ಹಾಕಿದ ಎಲ್ಲೆ ಇದು: ಅಂಥವನಿಗೆ ಅಲ್ಲಿ ಅಧಿಕಾರ ಅಥವಾ ಗೌರವ ಇದ್ದು, ಅವನ ಉಪಸ್ಥಿತಿಯಿಂದಲೇ ಕೃತ್ಯವೆಸಗುವವರಿಗೆ ಕುಮ್ಮಕ್ಕು ಸಿಕ್ಕಿರಬೇಕು. ಕೇವಲ ಮೆಚ್ಚಿ ಮನೆಗೆ ಹೋದ ಸಾಮಾನ್ಯನನ್ನು ಕಾನೂನು ಮುಟ್ಟುವುದಿಲ್ಲ.

ಮುಟ್ಟದಿರುವುದೇ ಸರಿ. ಮನಸ್ಸಿನ ಮೆಚ್ಚುಗೆಯನ್ನು ಶಿಕ್ಷಿಸಲು ಹೊರಟ ಆಡಳಿತದಲ್ಲಿ ಯಾರೂ ನೆಮ್ಮದಿಯಿಂದ ಬಾಳಲಾರರು. ಆದರೆ ಕಾನೂನಿನ ಎಲ್ಲೆ ಮುಗಿದಲ್ಲಿ ಕರ್ಮದ ಎಲ್ಲೆ ಮುಗಿಯುವುದಿಲ್ಲ. ಬರಿಯ ಮೆಚ್ಚುಗೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಆದಿಪುರಾಣ ಬಲ್ಲವರಿಗೆ ಹೇಳಬೇಕಾಗಿಲ್ಲ. ವಜ್ರಜಂಘನೂ ಶ್ರೀಮತಿಯೂ ಕಾಡಿನಲ್ಲಿ ಚಾರಣಮುನಿಗಳಿಗೆ ಆಹಾರದಾನ ಮಾಡುವುದನ್ನು ಹುಲಿ, ಹಂದಿ, ಕೋತಿ, ಮುಂಗುಸಿಗಳು ನೋಡಿ ಅನುಮೋದಿಸಿದವು. ಕೊಡಲು ಅವುಗಳ ಬಳಿ ಏನೂ ಇರಲಿಲ್ಲ. ಆದರೂ ದಂಪತಿಗಳೊಡನೆ ಅವೂ ಭೋಗಭೂಮಿಯಲ್ಲಿ ಹುಟ್ಟಿದವು. ದಾನವನ್ನು ಮೆಚ್ಚಿದ್ದಕ್ಕೆ ಇಷ್ಟು ಫಲವೆಂದು ಒಪ್ಪುವವರು ಕೊಲೆಯನ್ನು ಮೆಚ್ಚಿದ್ದಕ್ಕೆ ಫಲವಿಲ್ಲವೆಂದು ಹೇಗೆ ಹೇಳಿಯಾರು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳನ್ನು, ಅಂದರೆ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪಗಳನ್ನು, ಐದೆಂದು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪಾಪಕ್ಕೆ ಹಚ್ಚುವ ಮಾತು ಮೊದಲನೆಯದು. ಯೆಹೂದ್ಯದ್ವೇಷದ ಪತ್ರಿಕೆ ನಡೆಸಿದ ಜೂಲಿಯಸ್ ಸ್ಟ್ರೈಖರನನ್ನು 1946ರಲ್ಲಿ ಗಲ್ಲಿಗೇರಿಸಿದ್ದು, ರುವಾಂಡಾದ ನರಮೇಧದ ಹಿಂದಿದ್ದ ರೇಡಿಯೊ ಕೇಂದ್ರದ ಸ್ಥಾಪಕರಲ್ಲೊಬ್ಬನನ್ನೂ ಪತ್ರಿಕೆಯೊಂದರ ಸಂಪಾದಕನನ್ನೂ 2003ರಲ್ಲಿ ದೋಷಿಗಳೆಂದದ್ದು ಇದಕ್ಕಾಗಿ. ಹಿಂಸೆಯ ಉಪಕರಣಗಳನ್ನು ಒದಗಿಸುವುದು ಎರಡನೆಯದು. ನೆರೆಯ ಸಿಯೆರಾ ಲಿಯೋನಿನ ಬಂಡುಕೋರರಿಗೆ ಆಯುಧಗಳು ಸೇರಿದಂತೆ ನೆರವು ನೀಡಿದ ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷಗಳ ಸೆರೆಯಾಯಿತು. ದಂಡಾಧಿಕಾರಿಯ ಕೈ ಈ ಎರಡನ್ನೂ ತಲುಪಿದೆ. ಐದನೆಯದಾದ ಪ್ರಮಾದವನ್ನು ಸೇನಾನಾಯಕನ ವಿಷಯದಲ್ಲಿ ಮಾತ್ರ ಮುಟ್ಟಿದೆ. ನಡುವಿನ ಎರಡು ಪೂರ್ಣವಾಗಿ ಶ್ರಾವಕನ ಮನೆಯೊಳಗೇ ಉಳಿದಿವೆ. ದ್ವೇಷದಿಂದ ಪರರ ವಧಬಂಧನಗಳನ್ನು ಚಿಂತಿಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವುದನ್ನು ಕಿವಿಗೊಟ್ಟು ಕೇಳುವುದು ದುಃಶ್ರುತಿ.

ಗೃಹಸ್ಥಧರ್ಮ ಯುದ್ಧವನ್ನು ಅರಿಯದ ಧರ್ಮವಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾಪತಿ. ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕಾದ ಶ್ರಾವಕನಿಗೆ ತನ್ನನ್ನೂ ನಾಡನ್ನೂ ರಕ್ಷಿಸಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆ ಅನಿವಾರ್ಯವಾಗಬಹುದೆಂದು ಒಪ್ಪಲಾಗಿದೆ. ಈ ಒಪ್ಪಿಗೆಯ ಹೆಸರಿನಲ್ಲಿಯೇ ಮೋಸವೂ ನಡೆಯುತ್ತದೆ. ಟೋಕಿಯೊದ ಕಟಕಟೆಯಲ್ಲಿ ಪ್ರಧಾನಿ ತೋಜೊ ತನ್ನ ಯುದ್ಧವನ್ನು ಆತ್ಮರಕ್ಷಣೆಯೆಂದೇ ಕರೆದನು. ನಿಜವಾದ ರಕ್ಷಣೆಯ ಯುದ್ಧವೇ ಆಗಿದ್ದರೂ ಅನಿವಾರ್ಯವೆಂದು ಒಪ್ಪುವುದು ಒಂದು, ಅದರಲ್ಲಿ ಆನಂದಿಸುವುದು ಇನ್ನೊಂದು. ಹಿಂಸೆಯಲ್ಲಿ ಆನಂದ ಪಡುವ ಧ್ಯಾನವನ್ನು ಆಗಮವು ರೌದ್ರಧ್ಯಾನದ ಮೊದಲ ಭೇದವೆಂದು ಗುರುತಿಸಿ, ನರಕಗತಿಗೆ ಕಾರಣವೆಂದಿದೆ. ಸತ್ತವರು ಶತ್ರುಗಳಾದರೆ ವಿನಾಯಿತಿ ಎಂದು ಅಲ್ಲಿ ಎಲ್ಲಿಯೂ ಇಲ್ಲ.

ರಾತ್ರಿಭೋಜನವನ್ನು ಬಿಟ್ಟು, ನೀರನ್ನು ಸೋಸಿ ಕುಡಿದು, ಗಡ್ಡೆಗೆಣಸನ್ನು ದೂರವಿಟ್ಟ ಮನೆಗಳಲ್ಲಿ ಸಂಜೆಯ ಊಟವಾದ ಮೇಲೆ ದೂರದರ್ಶನದ ಪರದೆಯ ಮೇಲೆ ನಗರಗಳು ಉರಿಯುತ್ತವೆ. ಹತರ ಸಂಖ್ಯೆ ಕ್ರಿಕೆಟ್ ಓಟಗಳಂತೆ ಕೆಳಗೆ ಓಡುತ್ತದೆ. ಬಾಂಬು ಬಿದ್ದ ದೃಶ್ಯ ಕೈಯಲ್ಲಿರುವ ಮೊಬೈಲಿಗೆ ಬರುತ್ತದೆ. ತಕ್ಕ ಶಾಸ್ತಿಯಾಯಿತೆಂಬ ಸಾಲು ಸೇರಿ ಅದು ಹತ್ತು ಜನರಿಗೆ ಹೋಗುತ್ತದೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಾಗಿ ಮರುಗುವ ಮನಸ್ಸು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿರುತ್ತದೆ? ಹೇಗ್ ನ್ಯಾಯಾಲಯದ ಯಾವ ವಿಧಿಯೂ ಆ ಮನೆಯ ಯಜಮಾನನನ್ನು ಪ್ರಶ್ನಿಸಲಾರದು. ಸಂಜೆಯ ಪ್ರತಿಕ್ರಮಣದಲ್ಲಿ ಕೃತ, ಕಾರಿತ, ಅನುಮತಗಳೆಂಬ ಮೂರು ಪದಗಳನ್ನೂ ಅವನು ಉಚ್ಚರಿಸಿರುತ್ತಾನೆ.

ಪಾಠಶಾಲೆಗಳಲ್ಲಿ ಅನರ್ಥದಂಡ ವ್ರತವನ್ನು ಹೇಳಿಕೊಡುವಾಗ ಕೊಡಲಿ, ಖಡ್ಗ, ಸರಪಣಿ, ವಿಷಗಳ ಹಳೆಯ ಉದಾಹರಣೆಗಳನ್ನೇ ಕೊಡುವ ರೂಢಿಯಿದೆ. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ. ಅಧ್ಯಾಪಕರು ಮನಸ್ಸು ಮಾಡಿದರೆ ಒಂದು ತರಗತಿಯ ಮಟ್ಟಿಗೆ ಆ ಉದಾಹರಣೆಗಳನ್ನು ಬದಿಗಿಟ್ಟು, ಶತ್ರುವಿನ ಊರು ಉರಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದ್ದು ಅಪಧ್ಯಾನವೋ, ಆ ಸುದ್ದಿಯನ್ನು ಗಂಟೆಗಟ್ಟಲೆ ಕೇಳಿದ್ದು ದುಃಶ್ರುತಿಯೋ, ಅದನ್ನು ಗೆಳೆಯನಿಗೆ ಕಳುಹಿಸಿ ಕೆರಳಿಸಿದ್ದು ಪಾಪೋಪದೇಶವೋ ಎಂದು ಮಕ್ಕಳಿಂದಲೇ ವಿಂಗಡಿಸಿಸಬಹುದು. ಮನೆಗೆ ಹೋಗಿ ಅವರು ಹಿರಿಯರನ್ನೂ ಇದೇ ಪ್ರಶ್ನೆ ಕೇಳಬಹುದು.